ಮೂರನೆಯ ತಂತಿಯ ಕಥೆ

ಘಟಪ್ರಭಾ ನದಿಗೆ ಧುಪದಾಳದಲ್ಲಿ ಒಂದು ಒಡ್ಡು ಇದೆ. ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1897ರಲ್ಲಿ, ಎಡದಂಡೆಯ ಕಾಲುವೆಗೆ ನೀರು ತಿರುಗಿಸಲು ಕಟ್ಟಿದ್ದು. ಅದರ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶಗಳ ಕೊಕ್ಕರೆಗಳು ಬಂದಿಳಿಯುತ್ತವೆ. ಒಡ್ಡನ್ನು ದಾಟಿದ ನೀರು ಕೆಲವೇ ಕಿಲೋಮೀಟರ್ ಕೆಳಗೆ, ಗೋಕಾಕದ ಬಳಿ, ಕುದುರೆ ಲಾಳದ ಆಕಾರದ ಬಂಡೆಯಿಂದ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಹೋದವರು ತೂಗುಸೇತುವೆಯ ಮೇಲೆ ನಿಂತು ಕೆಂಪು ನೀರಿನ ಆರ್ಭಟ ನೋಡುತ್ತಾರೆ. ದಂಡೆಯ ಮೇಲಿನ ಹಳೆಯ ನೂಲಿನ ಗಿರಣಿಯನ್ನು ನೋಡುವವರು ಕಡಿಮೆ. ಆದರೆ ಈ ಕಥೆ ಶುರುವಾಗುವುದು ಆ ಗಿರಣಿಯಿಂದ.

1880ರ ದಶಕದಲ್ಲಿ ಎದ್ದು ನಿಂತ ಈ ಗಿರಣಿಗೆ ಬಲ ಕೊಟ್ಟದ್ದು ಜಲಪಾತವೇ. ಏಷ್ಯಾ ಖಂಡದಲ್ಲೇ ಮೊದಲ ಬಾರಿಗೆ ನೀರಿನಿಂದ ವಿದ್ಯುತ್ ತೆಗೆದದ್ದು ಇಲ್ಲಿ, 1887ರಲ್ಲಿ, ಎಂದು ಜಿಲ್ಲೆಯ ಪ್ರವಾಸಿ ಕೈಪಿಡಿಗಳು ಹೆಮ್ಮೆಯಿಂದ ಹೇಳುತ್ತವೆ. ಡಾರ್ಜಿಲಿಂಗಿನವರು ಇದನ್ನು ಒಪ್ಪಲಿಕ್ಕಿಲ್ಲ. ಊರಿಗೆ ದೀಪ ಕೊಟ್ಟ ಅವರ ಸಿದ್ರಾಪೋಂಗ್ ಜಲವಿದ್ಯುತ್ ಕೇಂದ್ರ ಆರಂಭವಾದದ್ದು 1897ರ ನವೆಂಬರಿನಲ್ಲಿ, ಭಾರತದ ಮೊದಲನೆಯದೆಂದು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವ ಹೆಸರೂ ಅದರದೇ. ಯಾರು ಮೊದಲು ಎಂಬ ಈ ತಕರಾರು ಇಲ್ಲಿ ಬೇಕಿಲ್ಲ. ಗಮನಿಸಬೇಕಾದದ್ದು ಇನ್ನೊಂದು ಸಂಗತಿ. ಗೋಕಾಕದವರು ಹೇಳುವ ಅದೇ 1887ರಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ ಮೊದಲ ವಿದ್ಯುತ್ ಕಾಯ್ದೆ ತಂದಿತು. ಆ ವರ್ಷದ 13ನೆಯ ಕಾಯ್ದೆಯ ಉದ್ದೇಶ ವಿದ್ಯುತ್ತನ್ನು ಮಾರುವುದಾಗಲಿ, ದರ ಗೊತ್ತುಮಾಡುವುದಾಗಲಿ ಅಲ್ಲ. ವಿದ್ಯುತ್ತಿನಿಂದ ಜನರಿಗೂ ಆಸ್ತಿಗೂ ಆಗಬಹುದಾದ ಅಪಾಯದಿಂದ ರಕ್ಷಣೆ ಕೊಡುವುದು. ದೇಶದ ಬಹುತೇಕ ಜನ ಒಂದು ಬಲ್ಬನ್ನೂ ಕಾಣದಿದ್ದ ಹೊತ್ತಿನಲ್ಲಿ ಕಾನೂನು ಅದರ ಭಯವನ್ನು ಬರೆದಿಟ್ಟಿತ್ತು.

ಕಣ್ಣಿಗೆ ಕಾಣುವ ಅಪಾಯ, ಕಾಣದ ಅಪಾಯ

ಹಳೆಯ ಗಿರಣಿಯ ಅಪಾಯಗಳು ಎದುರಿಗೇ ಇರುತ್ತಿದ್ದವು. ಆ ಕಾಲದ ಗಿರಣಿಗಳಲ್ಲಿ ಒಂದು ದೊಡ್ಡ ಚಕ್ರದ ಬಲ ಹಗ್ಗಗಳ ಮೂಲಕ, ಮಾಳಿಗೆಯುದ್ದಕ್ಕೂ ಓಡುವ ಕಬ್ಬಿಣದ ದಂಡಗಳ ಮೂಲಕ, ಅಲ್ಲಿಂದ ಚರ್ಮದ ಪಟ್ಟೆಗಳ ಮೂಲಕ ಒಂದೊಂದು ಯಂತ್ರಕ್ಕೂ ಇಳಿಯುತ್ತಿತ್ತು. ಪಟ್ಟೆಗೆ ಧೋತರದ ಸೆರಗು ಸಿಕ್ಕಿದರೆ ಮನುಷ್ಯನೇ ಮೇಲಕ್ಕೆ ಹೋಗುತ್ತಿದ್ದ. ಭಯಂಕರವಾದರೂ ಅದು ಕಾಣುವ ಅಪಾಯ. ಹೊಸ ಹುಡುಗನಿಗೆ ಹಿರಿಯನೊಬ್ಬ ಬೆರಳು ತೋರಿಸಿ "ಅಲ್ಲಿಗೆ ಹೋಗಬ್ಯಾಡ" ಎಂದರೆ ಸಾಕಾಗುತ್ತಿತ್ತು.

ವಿದ್ಯುತ್ ಮೋಟಾರು ಬಂದ ಮೇಲೆ ಹಗ್ಗ ಹೋಯಿತು, ಪಟ್ಟೆ ಹೋಯಿತು. ಪ್ರತಿ ಯಂತ್ರಕ್ಕೂ ಅದರದೇ ಮೋಟಾರು. ಅದಾದ ಮೇಲೆ ಇನ್ನೊಂದು ಹೆಜ್ಜೆ: ಮೋಟಾರು ಚಿಕ್ಕದಾಗಿ ಮನುಷ್ಯನ ಕೈಗೇ ಬಂತು. ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪೆನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತು. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಅದಕ್ಕೆ ಪಿಸ್ತೂಲಿನ ಹಿಡಿಕೆ, ಕುದುರೆ ಜೋಡಿಸಿ ಪೇಟೆಂಟು ಪಡೆಯಿತು. ಇಂದು ಘಟಪ್ರಭಾ ಸ್ಟೇಷನ್ನಿನ ಸುತ್ತಿನ ಪೇಟೆಯಲ್ಲಿ, ಗೋಕಾಕದಲ್ಲಿ, ಹುಕ್ಕೇರಿಯಲ್ಲಿ ಯಾವ ವೆಲ್ಡಿಂಗ್ ಅಂಗಡಿಗೆ ಹೋದರೂ ಆ ವಂಶದ ಕುಡಿಗಳು ನೆಲದ ಮೇಲೆ ಬಿದ್ದಿರುತ್ತವೆ: ಡ್ರಿಲ್, ಗ್ರೈಂಡರ್, ಕಟಿಂಗ್ ಮೆಷಿನ್, ಹತ್ತು ಕಡೆ ಟೇಪು ಸುತ್ತಿದ ವೈರು, ಮರದ ಹಲಗೆಗೆ ಮೊಳೆ ಹೊಡೆದು ಮಾಡಿದ ಎಕ್ಸ್‌ಟೆನ್ಶನ್ ಬೋರ್ಡು.

ಗೋಡೆಗೆ ಕೂರಿಸಿದ ಯಂತ್ರಕ್ಕೂ ಕೈಯಲ್ಲಿ ಹಿಡಿದು ಓಡಾಡುವ ಯಂತ್ರಕ್ಕೂ ಇರುವ ವ್ಯತ್ಯಾಸ ಮೇಲುನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಗೋಡೆಯ ಮೋಟಾರಿನ ತಂತಿ ಒಮ್ಮೆ ಎಳೆದರೆ ಹಾಗೇ ಇರುತ್ತದೆ. ಕೈಯಂತ್ರದ ತಂತಿ ದಿನಕ್ಕೆ ನೂರು ಸಲ ಬಾಗುತ್ತದೆ, ಕಬ್ಬಿಣದ ಚೂರುಗಳ ಮೇಲೆ ಹರಿದಾಡುತ್ತದೆ, ಟ್ರ್ಯಾಕ್ಟರಿನ ಗಾಲಿಯಡಿ ಸಿಗುತ್ತದೆ, ಒದ್ದೆಯಾಗುತ್ತದೆ. ಹಿಡಿಯುವ ಕೈ ಬೆವರಿರುತ್ತದೆ. ಮೇಲಾಗಿ, ಗೋಡೆಯ ಯಂತ್ರ ಮುಟ್ಟಿದಾಗ ಶಾಕ್ ಹೊಡೆದರೆ ಕೈ ಹಿಂದಕ್ಕೆ ಬರಲು ಒಂದು ಅವಕಾಶವಿದೆ. ಕೈಯಂತ್ರವನ್ನು ಬೆರಳು ಮಡಚಿ ಬಿಗಿಯಾಗಿ ಹಿಡಿದಿರುವುದರಿಂದ, ವಿದ್ಯುತ್ ಹರಿದಾಗ ಸ್ನಾಯುಗಳು ಸೆಟೆದು ಹಿಡಿತ ಇನ್ನೂ ಬಿಗಿಯಾಗುತ್ತದೆ. "ಕರೆಂಟು ಹಿಡೀತು" ಎಂದು ನಮ್ಮ ಜನ ಹೇಳುವುದು ಇದನ್ನೇ. ಹಿಡಿದದ್ದು ಕರೆಂಟಲ್ಲ, ಮನುಷ್ಯನ ಸ್ವಂತ ಕೈ.

ಎಷ್ಟು ವಿದ್ಯುತ್ ಹರಿದರೆ ಕೈ ಬಿಡಿಸಿಕೊಳ್ಳಲಾಗುವುದಿಲ್ಲ? ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ ಕಳೆದ ಶತಮಾನದ ನಡುವಿನಲ್ಲಿ ಇದನ್ನು ಸ್ವಯಂಸೇವಕರ ಮೇಲೆ ಅಳೆದು ನೋಡಿದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ಒಂದು ಮಿಲಿಆಂಪಿಯರ್ ಎಂದರೆ ಆಂಪಿಯರಿನ ಸಾವಿರದಲ್ಲೊಂದು ಪಾಲು. ಹೋಲಿಕೆಗೆ ಹೇಳುವುದಾದರೆ, 40 ವಾಟಿನ ಹಳೆಯ ಕಾಲದ ಬಲ್ಬು ಉರಿಯುವಾಗ ಅದರಲ್ಲಿ ಹರಿಯುವುದು ಸುಮಾರು 174 ಮಿಲಿಆಂಪಿಯರ್. ಒದ್ದೆ ಕೈಯ ಮನುಷ್ಯನ ದೇಹದ ನಿರೋಧವನ್ನು ಸುಮಾರು ಸಾವಿರ ಓಮ್ ಎಂದು ಹಿಡಿದರೆ, ನಮ್ಮ ಮನೆ ಅಂಗಡಿಗಳ 230 ವೋಲ್ಟು ಅವನ ಮೂಲಕ 230 ಮಿಲಿಆಂಪಿಯರ್ ಹರಿಸಬಲ್ಲದು. ಹೃದಯದ ಬಡಿತವನ್ನು ಕೆಡಿಸಲು ಇಷ್ಟು ಬೇಕಾಗಿಲ್ಲ.

"ಫ್ಯೂಸ್ ಇದೆಯಲ್ಲ?" ಎಂಬ ಮಾತು ಎಲ್ಲ ಅಂಗಡಿಗಳಲ್ಲೂ ಕೇಳಿಬರುತ್ತದೆ. ಐದು ಆಂಪಿಯರಿನ ಫ್ಯೂಸು ಕರಗಬೇಕಾದರೆ 5000 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಅಷ್ಟರಲ್ಲಿ ಅದರ ಇಪ್ಪತ್ತನೆಯ ಒಂದು ಪಾಲು ಮನುಷ್ಯನನ್ನು ಮುಗಿಸಿರುತ್ತದೆ, ಫ್ಯೂಸಿಗೆ ಸುದ್ದಿಯೂ ಇರುವುದಿಲ್ಲ. ಫ್ಯೂಸು ಇರುವುದು ತಂತಿಯನ್ನು ಸುಡದಂತೆ ಕಾಯಲಿಕ್ಕೆ. ಮನುಷ್ಯನನ್ನು ಕಾಯಲು ಬಂದದ್ದು ಮೂರನೆಯ ತಂತಿ.

ನಿಯಮದ ಪುಸ್ತಕದಲ್ಲಿ

ಮೂರನೆಯ ತಂತಿಯ ಕೆಲಸ ಸರಳ. ಯಂತ್ರದ ಲೋಹದ ಮೈಯನ್ನು ಅದು ನೆಲಕ್ಕೆ ಜೋಡಿಸುತ್ತದೆ. ಒಳಗೆ ಎಲ್ಲೋ ನಿರೋಧಕ ಹೊದಿಕೆ ಸವೆದು ಕರೆಂಟಿನ ತಂತಿ ಮೈಗೆ ತಾಗಿತು ಎನ್ನಿ. ಮೂರನೆಯ ತಂತಿ ಸರಿಯಾಗಿದ್ದರೆ ದೊಡ್ಡ ಪ್ರವಾಹ ಅದರ ಮೂಲಕ ನುಗ್ಗಿ ಫ್ಯೂಸು ಹಾರುತ್ತದೆ, ಯಂತ್ರ ನಿಲ್ಲುತ್ತದೆ, ಕೆಲಸಗಾರ ಬೈದುಕೊಳ್ಳುತ್ತಾನೆ. ಮೂರನೆಯ ತಂತಿ ಇಲ್ಲದಿದ್ದರೆ ಫ್ಯೂಸು ಹಾರುವುದಿಲ್ಲ, ಯಂತ್ರ ನಿಲ್ಲುವುದೂ ಇಲ್ಲ. ಎಲ್ಲವೂ ಚೆನ್ನಾಗಿಯೇ ನಡೆದಿರುವಂತೆ ಕಾಣುತ್ತದೆ, ಕಾಲಿಗೆ ಚಪ್ಪಲಿ ಇಲ್ಲದವನೊಬ್ಬ ಒದ್ದೆ ನೆಲದಲ್ಲಿ ನಿಂತು ಅದನ್ನು ಹಿಡಿಯುವವರೆಗೆ.

ಭಾರತದಲ್ಲಿ 1887ರ ಕಾಯ್ದೆಯ ನಂತರ 1903ರ ಕಾಯ್ದೆ ಬಂತು, ಅದನ್ನು ತೆಗೆದು 1910ರ ಕಾಯ್ದೆ ಬಂತು. ಅದರಡಿಯಲ್ಲಿ 1956ರಲ್ಲಿ ರಚಿಸಿದ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ದೇಶದ ಎಲೆಕ್ಟ್ರೀಷಿಯನ್ನರ ಧರ್ಮಗ್ರಂಥವಾಗಿದ್ದವು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ 1956ರ ನವೆಂಬರ್ 1ರಂದು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. 1902ರಲ್ಲೇ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದ, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿದ್ದ ಹಳೆಯ ಮೈಸೂರಿನ ಜೊತೆ ಗೋಕಾಕದ ಸೀಮೆ ಒಂದೇ ನಿಯಮಪುಸ್ತಕದಡಿ, ಒಂದೇ ಮಂಡಳಿಯಡಿ ಬಂದದ್ದು ಹೀಗೆ.

ಆ ನಿಯಮಗಳಲ್ಲಿ 38ನೆಯದು ಪುಟ್ಟದು, ಯಾರ ಕಣ್ಣಿಗೂ ಬೀಳದಂಥದು. ಅದು ಹೇಳಿದ್ದು ಎತ್ತಿ ಒಯ್ಯುವ ಉಪಕರಣಗಳ ಬಗ್ಗೆ. ಕೈ ಡ್ರಿಲ್ಲು, ಬೆಸುಗೆ ಯಂತ್ರ, ಕೊರೆಯುವ ಯಂತ್ರ ಮುಂತಾದವುಗಳ ಬಳುಕುವ ತಂತಿಗೆ ದಪ್ಪ ನಿರೋಧಕ ಹೊದಿಕೆ ಇರಬೇಕು, ಪೆಟ್ಟು ಬೀಳದಂತೆ ರಕ್ಷಣೆ ಇರಬೇಕು. ಒಂಟಿ ಫೇಸಿನ ಯಂತ್ರಕ್ಕೆ ಮೂರು ಎಳೆಯ, ಮೂರು ಫೇಸಿನ ಯಂತ್ರಕ್ಕೆ ನಾಲ್ಕು ಎಳೆಯ ಕೇಬಲ್ಲೇ ಆಗಬೇಕು. ಭೂಸಂಪರ್ಕದ ಎಳೆ ಯಾವುದೆಂದು ಸುಲಭವಾಗಿ ಗುರುತು ಸಿಗಬೇಕು. ಇಷ್ಟೇ.

ಗುರುತು ಸಿಗಬೇಕೆಂಬ ಕೊನೆಯ ಮಾತು ಹುಡುಗಾಟದ್ದಲ್ಲ. 1960ರ ದಶಕದವರೆಗೂ ಜರ್ಮನಿಯಲ್ಲಿ ಕೆಂಪು ಎಳೆ ಎಂದರೆ ಭೂಸಂಪರ್ಕದ್ದು. ಬ್ರಿಟನ್ನಿನಲ್ಲಿ, ಅದನ್ನು ಅನುಸರಿಸಿದ ನಮ್ಮಲ್ಲಿ, ಕೆಂಪು ಎಂದರೆ ಕರೆಂಟಿನದು. ಒಂದು ದೇಶದ ಯಂತ್ರಕ್ಕೆ ಇನ್ನೊಂದು ದೇಶದ ಕೆಲಸಗಾರ ಪ್ಲಗ್ಗು ಹಾಕಿದರೆ ಯಂತ್ರದ ಮೈಗೇ 230 ವೋಲ್ಟು! ಹಸಿರು-ಹಳದಿ ಪಟ್ಟೆಯ ಎಳೆ ಹಲವು ದೇಶಗಳಿಗೆ ಸಾಮಾನ್ಯವಾದದ್ದು ಇಂಥ ಗೊಂದಲಗಳ ನಂತರವೇ.

ಕಾರ್ಖಾನೆಗಳಿಗೆ ಬೇರೆ ಕಾನೂನೂ ಇತ್ತು. ಬಾಯ್ಲರಿನ ಹೊಟ್ಟೆ, ಟ್ಯಾಂಕು, ಗುಂಡಿ, ಕೊಳವೆಗಳಂಥ ಇಕ್ಕಟ್ಟಿನ ಜಾಗಗಳಲ್ಲಿ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಬಳಸಕೂಡದೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. 1976ರ ತಿದ್ದುಪಡಿಯಲ್ಲಿ ಇದು ಪ್ರತ್ಯೇಕ ಕಲಮೇ ಆಯಿತು. ಕಬ್ಬಿನ ಸೀಮೆಯಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯ ಪಾತ್ರೆಗಳೊಳಗೆ ಇಳಿದು ಕೆರೆಯುವ, ಬೆಸೆಯುವ ಕೆಲಸ ಇರುತ್ತದೆ. ಸುತ್ತಲೂ ಕಬ್ಬಿಣ, ಮೈತುಂಬ ಬೆವರು, ಕೈಯಲ್ಲಿ ಒಂದು ಬಲ್ಬು. ಅಲ್ಲಿ 230 ವೋಲ್ಟಿನ ತಂತಿ ಒಡೆದರೆ ಜಿಗಿಯಲು ಜಾಗವಿಲ್ಲ. ಬ್ರಿಟನ್ನಿನಲ್ಲಿ ಕಟ್ಟಡ ಕೆಲಸದ ಜಾಗಗಳಿಗೆಲ್ಲ ಇದೇ ತರ್ಕ ಹಚ್ಚಿ, ಹಳದಿ ಬಣ್ಣದ ಟ್ರಾನ್ಸ್‌ಫಾರ್ಮರಿನಿಂದ 110 ವೋಲ್ಟಿಗೆ ಇಳಿಸಿ ಕೈಯಂತ್ರ ನಡೆಸುತ್ತಾರೆ. ಆ ಟ್ರಾನ್ಸ್‌ಫಾರ್ಮರಿನ ನಡುವನ್ನು ನೆಲಕ್ಕೆ ಕಟ್ಟಿರುವುದರಿಂದ ಮನುಷ್ಯನಿಗೆ ತಾಗಬಹುದಾದದ್ದು 55 ವೋಲ್ಟು ಮಾತ್ರ. ನಮ್ಮ ಕಟ್ಟಡ ಕೆಲಸಗಳಲ್ಲಿ ಆ ಹಳದಿ ಪೆಟ್ಟಿಗೆ ಕಾಣಸಿಗುವುದು ಅಪರೂಪ.

ಗೋಡೆಯ ಮೇಲಿನ ಪಟ

ಅದೇ 1956ರ ನಿಯಮಗಳಲ್ಲಿ 44ನೆಯದು ಒಂದು ಪಟವನ್ನು ಕಡ್ಡಾಯ ಮಾಡಿತ್ತು. ವಿದ್ಯುದಾಘಾತವಾದವರನ್ನು ಬದುಕಿಸುವ ಬಗೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೂ ಜಿಲ್ಲೆಯ ಭಾಷೆಯಲ್ಲೂ ಬರೆದು ವಿದ್ಯುತ್ ಬಳಸುವ ಪ್ರತಿ ಕಾರ್ಖಾನೆಯಲ್ಲೂ ಕಾಣುವಂತೆ ತೂಗುಹಾಕಬೇಕು. ("ಜಿಲ್ಲೆಯ ಭಾಷೆ" ಎಂಬ ಎರಡು ಪದಗಳನ್ನು ದಿಲ್ಲಿಯಲ್ಲಿ ಕೂತು ಬರೆಯುವುದು ಸುಲಭ, ಬೆಳಗಾವಿಯಲ್ಲಿ ಓದುವುದು ಅಷ್ಟು ಸುಲಭವಲ್ಲ.) ಅಪಾಯದ ಫಲಕದ ಮೇಲಿನ ತಲೆಬುರುಡೆ ಮತ್ತು ಎಲುಬುಗಳೂ ಇದೇ ನಿಯಮಗಳ ಕೊಡುಗೆ. ಓದು ಬಾರದವನಿಗೂ ಬುರುಡೆ ಅರ್ಥವಾಗುತ್ತದೆ.

ಚಿಕಿತ್ಸೆಯ ಪಟಕ್ಕೂ ಒಂದು ಇತಿಹಾಸವಿದೆ. ಹಳೆಯ ಪಟಗಳಲ್ಲಿ ಬಿದ್ದವನನ್ನು ಬೋರಲು ಮಲಗಿಸಿ ಬೆನ್ನು ಒತ್ತುವ ಚಿತ್ರ ಇರುತ್ತಿತ್ತು. ಅದು 20ನೆಯ ಶತಮಾನದ ಆರಂಭದ ಷೇಫರ್ ವಿಧಾನ. ವಿಯೆನ್ನಾದ ವೈದ್ಯ ಸ್ಟೆಫಾನ್ ಜೆಲಿನೆಕ್, ಶಾಕ್ ಹೊಡೆದು ಸತ್ತಂತೆ ಬಿದ್ದವನು ಸತ್ತಿಲ್ಲದಿರಬಹುದು, ಉಸಿರಾಟ ಕೊಡುವುದನ್ನು ಬೇಗ ನಿಲ್ಲಿಸಬೇಡಿ ಎಂದು ವರ್ಷಗಟ್ಟಲೆ ವಾದಿಸಿದರು. ನಂತರ ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಕ್ರಮ ಬಂತು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವೆನ್ ಮತ್ತು ಜೊತೆಗಾರರು ಎದೆಯ ಮೇಲೆ ಕೈಯಿಟ್ಟು ಒತ್ತಿ ಹೃದಯಕ್ಕೆ ಚಾಲನೆ ಕೊಡುವ ವಿಧಾನ ಪ್ರಕಟಿಸಿದರು. ಇಂದು ಹೃದಯದ ಬಡಿತ ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆ ಅದೇ. ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ಕಂಬದ ಮೇಲೆ ಸಾಯುತ್ತಿದ್ದ ಲೈನ್‌ಮನ್ನರ ಚಿಂತೆಯಿಂದ ಶುರುವಾದ ಸಂಶೋಧನೆ ಆಸ್ಪತ್ರೆಗಳಿಗೆ ಹೋಯಿತು. ವಿದ್ಯುತ್ತು ಕೊಂದದ್ದರಿಂದ ಕಲಿತ ವಿದ್ಯೆ ವಿದ್ಯುತ್ತನ್ನೇ ಮುಟ್ಟದ ಎಷ್ಟೋ ಜನರನ್ನು ಉಳಿಸಿದೆ.

ಆದರೆ ಪಟ ನೆರವಿಗೆ ಬರುವುದು ಅನಾಹುತ ಆದ ಮೇಲೆ. ಆಗದಂತೆ ನೋಡಿಕೊಳ್ಳಬೇಕಾದರೆ ಉಪಕರಣವನ್ನು ಆಗಾಗ ಪರೀಕ್ಷಿಸಬೇಕು.

ಪರೀಕ್ಷೆ ಎಂದರೇನು?

ಪರೀಕ್ಷೆಯ ಸಾಧನ ಕೂಡ ಹಳೆಯದೇ. ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್ 1889ರಲ್ಲಿ ನಿರೋಧಕ ಹೊದಿಕೆಯ ಬಲವನ್ನು ಅಳೆಯುವ ಉಪಕರಣ ಮಾಡಿದರು. 1903ರಲ್ಲಿ ಅದಕ್ಕೆ 'ಮೆಗ್ಗರ್' ಎಂಬ ವ್ಯಾಪಾರದ ಹೆಸರು ಬಂತು. ಈಗ ಯಾವ ಕಂಪೆನಿ ಮಾಡಿದರೂ ಅದು ಮೆಗ್ಗರ್. ಕೈಯಿಂದ ಹಿಡಿಕೆ ತಿರುಗಿಸಿದರೆ ಒಳಗಿನ ಪುಟ್ಟ ಜನರೇಟರು ಸಾಮಾನ್ಯವಾಗಿ 500 ವೋಲ್ಟು ಹುಟ್ಟಿಸುತ್ತದೆ. ಹೊದಿಕೆಯಲ್ಲಿ ಎಲ್ಲಿ ಬಿರುಕಿದ್ದರೂ ಮುಳ್ಳು ಕೆಳಗೆ ಇಳಿಯುತ್ತದೆ. ಮಂಡಳಿಯ ನೌಕರರು ಹೊಸ ಸಂಪರ್ಕ ಕೊಡುವ ಮೊದಲು ಇದನ್ನು ತಿರುಗಿಸುವುದನ್ನು ಹಳ್ಳಿಯ ಮಕ್ಕಳೂ ಸುತ್ತ ನಿಂತು ನೋಡಿರುತ್ತಾರೆ.

ಕೈಯಂತ್ರದ ಪರೀಕ್ಷೆಗೆ ಮೂರು ಹಂತ. ಮೊದಲನೆಯದು ಕಣ್ಣಿನದು: ತಂತಿ ಎಲ್ಲಿ ಸೀಳಿದೆ, ಯಂತ್ರದೊಳಗೆ ಹೋಗುವ ಕಡೆ ಸಡಿಲವಾಗಿದೆಯೆ, ಪ್ಲಗ್ಗಿನ ಮೂರೂ ಕಡ್ಡಿ ಇವೆಯೆ, ಸುಟ್ಟ ಕಪ್ಪು ಇದೆಯೆ. ಎರಡನೆಯದು ಮೂರನೆಯ ತಂತಿಯದು: ಪ್ಲಗ್ಗಿನ ದಪ್ಪ ಕಡ್ಡಿಯಿಂದ ಯಂತ್ರದ ಮೈವರೆಗೆ ಸಂಪರ್ಕ ತುಂಡಾಗಿಲ್ಲವೆಂದು ಅಳೆದು ನೋಡುವುದು. ಆ ನಿರೋಧ ಓಮಿನ ಸಣ್ಣ ಭಿನ್ನರಾಶಿಯಷ್ಟಿರಬೇಕು. ಮೂರನೆಯದು ಮೆಗ್ಗರಿನದು: ಅಲ್ಲಿ ಲೆಕ್ಕ ಹತ್ತು ಲಕ್ಷ ಓಮುಗಳಲ್ಲಿ. ಮೈಗೂ ಕರೆಂಟಿಗೂ ನಡುವೆ ಕನಿಷ್ಠ ಒಂದು ಮೆಗಾಓಮ್ ಇರಬೇಕೆಂಬುದು ಎಲೆಕ್ಟ್ರೀಷಿಯನ್ನರ ರೂಢಿಯ ಅಳತೆ. ಚೌಕದೊಳಗೆ ಚೌಕದ ಗುರುತಿರುವ ಹೊಸ ಬಗೆಯ ಯಂತ್ರಗಳಿಗೆ ಎರಡು ಪದರ ನಿರೋಧಕ ಇರುವುದರಿಂದ ಅವಕ್ಕೆ ಮೂರನೆಯ ತಂತಿಯೇ ಬೇಕಿಲ್ಲ. ಆದರೆ ತಂತಿ ಸೀಳಿದರೆ ಅವೂ ಅಷ್ಟೇ ಅಪಾಯ.

ಬ್ರಿಟನ್ನಿನಲ್ಲಿ 1989ರಲ್ಲಿ ಹೊರಡಿಸಿ 1990ರ ಏಪ್ರಿಲಿನಿಂದ ಜಾರಿಗೆ ತಂದ ಕೆಲಸದ ಜಾಗದ ವಿದ್ಯುತ್ ನಿಯಮಗಳು ಎಲ್ಲ ಉಪಕರಣಗಳನ್ನೂ ಅಪಾಯವಾಗದಂತೆ ಸುಸ್ಥಿತಿಯಲ್ಲಿಡಬೇಕೆಂದವು. ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಆದರೂ ಅದರಿಂದ ಒಂದು ಉದ್ಯಮವೇ ಹುಟ್ಟಿತು. ಕಚೇರಿಯ ಕೆಟಲ್ಲಿಗೂ ಮೇಜಿನ ದೀಪಕ್ಕೂ ವರ್ಷವರ್ಷ ಹಸಿರು ಚೀಟಿ ಅಂಟಿಸಿ ಹಣ ಪಡೆಯುವ ಗುತ್ತಿಗೆದಾರರು ಹೆಚ್ಚಿದರು. ಕೊನೆಗೆ 2012ರಲ್ಲಿ ಸುರಕ್ಷತೆಯ ಇಲಾಖೆಯೇ, ಅಪಾಯ ಕಡಿಮೆಯಿರುವ ಕಚೇರಿಗಳಲ್ಲಿ ಇಷ್ಟೆಲ್ಲ ಬೇಕಿಲ್ಲ, ಬಹುಪಾಲು ದೋಷ ಕಣ್ಣಿಗೇ ಕಾಣುತ್ತದೆ ಎಂದು ತಿಳಿಹೇಳಬೇಕಾಯಿತು. ಅಲ್ಲಿ ಅತಿಯಾದದ್ದು ಇಲ್ಲಿ ಇಲ್ಲವೇ ಇಲ್ಲ. ನಮ್ಮ ವೆಲ್ಡಿಂಗ್ ಅಂಗಡಿಯ ಗ್ರೈಂಡರು ಕೊಂಡ ದಿನ ಬಿಟ್ಟರೆ ಮತ್ತೆ ಪರೀಕ್ಷೆಗೆ ಒಳಗಾಗುವುದು ಕೆಟ್ಟು ನಿಂತಾಗ. ಆಗಲೂ ನೋಡುವುದು ಅದು ತಿರುಗುತ್ತದೆಯೇ ಎಂದು.

ಜೇಬಿನಲ್ಲಿರುವ ಟೆಸ್ಟರಿನ ಮೇಲೆ ಎಲ್ಲರಿಗೂ ವಿಪರೀತ ನಂಬಿಕೆ. ಅದರ ಪುಟ್ಟ ನಿಯಾನ್ ದೀಪ ಹೊತ್ತಿದರೆ ಕರೆಂಟು ಇದೆ ಎಂದು ತಿಳಿಯುತ್ತದೆ, ನಿಜ. ಯಂತ್ರದ ಮೈಯಲ್ಲಿ ಈಗ ಕರೆಂಟು ಇಲ್ಲ ಎಂದೂ ತಿಳಿಯಬಹುದು. ಮೂರನೆಯ ತಂತಿ ತುಂಡಾಗಿದೆಯೆ ಎಂಬುದು ಮಾತ್ರ ಟೆಸ್ಟರಿಗೆ ಗೊತ್ತಾಗುವುದಿಲ್ಲ.

ಬೆಂಕಿಕಡ್ಡಿಯ ಪ್ಲಗ್ಗು

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನದು ಉದ್ದ, ದಪ್ಪ. ಚುಚ್ಚುವಾಗ ಭೂಸಂಪರ್ಕ ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂದು ಯೋಚಿಸಿ ಮಾಡಿದ ವಿನ್ಯಾಸ ಅದು. ಬ್ರಿಟಿಷ್ ಮಾದರಿಯಿಂದ ಬಂದು ಈಗ ಭಾರತೀಯ ಮಾನಕವಾಗಿರುವ ಈ ಪ್ಲಗ್ಗಿನಷ್ಟು ಅವಮಾನಕ್ಕೆ ಒಳಗಾದ ವಸ್ತು ಇನ್ನೊಂದಿಲ್ಲ. ಮೂರು ಕಡ್ಡಿಯದು ಎರಡು ತೂತಿನ ಸಾಕೆಟ್ಟಿಗೆ ಹೊಂದದಿದ್ದರೆ ದಪ್ಪ ಕಡ್ಡಿ ಕಿತ್ತು ಎಸೆಯುತ್ತಾರೆ. ಪ್ಲಗ್ಗೇ ಇಲ್ಲದಿದ್ದರೆ ಎರಡು ತಂತಿಯ ತುದಿ ಸುಲಿದು ತೂತಿಗೆ ಹಾಕಿ ಬೆಂಕಿಕಡ್ಡಿ ಜಡಿಯುತ್ತಾರೆ. ಜಾತ್ರೆಯ ಮಂಟಪಕ್ಕೆ, ಮೈಕಿನ ಪೆಟ್ಟಿಗೆಗೆ, ಕಬ್ಬಿನ ಹಾಲಿನ ಗಾಣಕ್ಕೆ, ಮದುವೆಮನೆಯ ರುಬ್ಬುವ ಯಂತ್ರಕ್ಕೆ ಕರೆಂಟು ಹೋಗುವುದು ಎಷ್ಟೋ ಕಡೆ ಹೀಗೆ. ಮೂರನೆಯ ತಂತಿಯನ್ನು ಮಡಚಿ ಟೇಪು ಸುತ್ತಿ ಬಿಟ್ಟಿರುತ್ತಾರೆ. ಅದಿಲ್ಲದೆಯೂ ಯಂತ್ರ ನಡೆಯುತ್ತದಲ್ಲ!

ಇದಕ್ಕೆ ಕೆಲಸಗಾರನ ಅಜ್ಞಾನವೊಂದೇ ಕಾರಣ ಎನ್ನುವುದು ಅನ್ಯಾಯ. ದೊಡ್ಡ ಗಿರಣಿಗೆ ಪರವಾನಗಿ ಪಡೆದ ಮೇಲ್ವಿಚಾರಕನಿರುತ್ತಾನೆ, ಸ್ಟೋರಿನಲ್ಲಿ ಉಪಕರಣಗಳ ರಿಜಿಸ್ಟರ್ ಇರುತ್ತದೆ, ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡುತ್ತಾರೆ. 1956ರ ನಿಯಮಗಳಲ್ಲಿ ಗ್ರಾಹಕರ ವಿದ್ಯುತ್ ವ್ಯವಸ್ಥೆಯನ್ನು ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದಿತ್ತು. ಗೋಡೆಯ ತಂತಿಗೆ ಐದು ವರ್ಷ ಸರಿ. ಐದು ವರ್ಷದಲ್ಲಿ ಒಂದು ಗ್ರೈಂಡರಿನ ತಂತಿ ಎಷ್ಟು ಸಲ ತುಂಡಾಗಿ ಎಷ್ಟು ಸಲ ಟೇಪು ಕಂಡಿರುತ್ತದೆ! ಪರಿವೀಕ್ಷಕರು ಬಂದ ದಿನ ಅದು ಯಾವುದೋ ಮನೆಯ ಮೇಲೆ ಕೆಲಸಕ್ಕೆ ಹೋಗಿರುತ್ತದೆ.

ಸೋರುವ ವಿದ್ಯುತ್ತನ್ನು ಹಿಡಿಯುವ ಸ್ವಿಚ್ಚಿನ ಕಥೆಯೂ ಹೀಗೆಯೇ. ಹೋದ ಕರೆಂಟು, ಮರಳಿ ಬಂದ ಕರೆಂಟು ಎರಡನ್ನೂ ಅದು ಸದಾ ತೂಗಿ ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಎಂದರೆ ಅಷ್ಟು ವಿದ್ಯುತ್ ಯಾರದೋ ಮೈಯ ಮೂಲಕವೋ ಇನ್ನೆಲ್ಲೋ ಸೋರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಮೇಲೆ ಹೇಳಿದ ಡಾಲ್ಜೀಲರೇ 1961ರಲ್ಲಿ ಅಮೆರಿಕದಲ್ಲಿ ಇಂಥದೊಂದನ್ನು ರೂಪಿಸಿದರು. ನಮ್ಮ 1956ರ ನಿಯಮಗಳಿಗೂ ಆಮೇಲೆ 61-ಎ ಎಂಬುದು ಸೇರಿ ಇಂಥ ಸಾಧನವನ್ನು ಕಡ್ಡಾಯ ಮಾಡಿತು. ಆದರೆ ಐದು ಕಿಲೋವಾಟಿಗಿಂತ ಕಡಿಮೆ ಹೊರೆಯ ಸಣ್ಣ ಸಂಪರ್ಕಗಳನ್ನು ಬಿಟ್ಟು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹಳೆಯ ನಿಯಮಗಳ ಜಾಗಕ್ಕೆ ಹೊಸ ಸುರಕ್ಷತಾ ನಿಬಂಧನೆಗಳನ್ನು ತಂದಾಗಲೂ ಮೊದಲಿಗೆ ಆ ಐದು ಕಿಲೋವಾಟಿನ ಗೆರೆ ಹಾಗೇ ಉಳಿಯಿತು. ಖರ್ಚಿನ ಹೊರೆ ಬಡವರ ಮೇಲೆ ಬೀಳದಿರಲಿ ಎಂಬ ಕಾರಣ ಇದ್ದಿರಬಹುದು. ಪರಿಣಾಮ ಮಾತ್ರ ವಿಚಿತ್ರ. ಮೇಲ್ವಿಚಾರಕ, ರಿಜಿಸ್ಟರು, ಒಳ್ಳೆಯ ತಂತಿ ಎಲ್ಲ ಇರುವ ಗಿರಣಿಗೆ ಕಡ್ಡಾಯ; ಇದ್ಯಾವುದೂ ಇಲ್ಲದ ಒಂದು ಗ್ರೈಂಡರಿನ ಅಂಗಡಿಗೆ ವಿನಾಯಿತಿ. ಆ ನಿಬಂಧನೆಗಳ ಜಾಗಕ್ಕೆ 2023ರಲ್ಲಿ ಮತ್ತೆ ಹೊಸವು ಬಂದಿವೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಮುಂತಾದವು ಮಾನಕದ ಗುರುತಿಲ್ಲದೆ ಮಾರಾಟವಾಗಕೂಡದೆಂದು 2003ರ ಆದೇಶವೊಂದು ಹೇಳಿದೆ. ಸಂತೆಯಲ್ಲಿ ಕಾಯಿಲ್ ಕೊಳ್ಳುವವರು ಆ ಗುರುತು ಹುಡುಕುವುದಿಲ್ಲ, ಬೆಲೆ ಕೇಳುತ್ತಾರೆ.

ಮೂರನೆಯ ತಂತಿ ಸರಿಯಿದ್ದರೂ ಅದು ಕೊನೆಗೆ ಹೋಗಿ ಸೇರುವ ನೆಲ ಸರಿಯಿರಬೇಕು. ಅಂಗಡಿಯ ಹಿಂದಿನ ಭೂಸಂಪರ್ಕದ ಗುಂಡಿ, ಟ್ರಾನ್ಸ್‌ಫಾರ್ಮರಿನ ಬುಡದ ಗುಂಡಿ ಎರಡೂ ಸೇರಿ 20 ಓಮ್ ನಿರೋಧ ಆಯಿತೆನ್ನಿ. 230 ವೋಲ್ಟು ಅಲ್ಲಿ ಹರಿಸುವುದು ಹನ್ನೊಂದೂವರೆ ಆಂಪಿಯರ್. 15 ಆಂಪಿಯರಿನ ಫ್ಯೂಸು ಇದಕ್ಕೆ ಅಲುಗುವುದಿಲ್ಲ. ಮೂರನೆಯ ತಂತಿ ಇದೆ, ಗುಂಡಿ ಇದೆ, ಫ್ಯೂಸು ಇದೆ. ಯಂತ್ರದ ಮೈಯಲ್ಲಿ ಕರೆಂಟೂ ಇದೆ.

ಈ ಸೀಮೆಯ ನೆಲವೂ ಒಂದೇ ತೆರನಲ್ಲ. ಹೊಲಗಳ ಎರೆಮಣ್ಣು ತೇವ ಹಿಡಿದಿಟ್ಟುಕೊಂಡು ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುತ್ತದೆ. ಜಲಪಾತದ ಸುತ್ತಿನದು ಕಲಾದಗಿ ಶ್ರೇಣಿಯ ಗಟ್ಟಿ ಮರಳುಗಲ್ಲು. ಅದರಲ್ಲಿ ಗುಂಡಿ ತೋಡುವುದೂ ಕಷ್ಟ, ತೋಡಿದರೂ ನಿರೋಧ ಇಳಿಯುವುದು ಕಷ್ಟ. ಅದಕ್ಕೇ ಗುಂಡಿಯಲ್ಲಿ ತವರಿನ ಲೇಪದ ಹಾಗೆ ಕಾಣುವ ಸತುವು ಬಳಿದ ಕಬ್ಬಿಣದ ಕೊಳವೆ ಹೂತು, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿ, ಮೇಲೆ ಆಲಿಕೆ ಇಟ್ಟು ನೀರು ಹಾಕಲು ಬಾಯಿ ಬಿಡುತ್ತಾರೆ. ಇದ್ದಿಲು ತೇವ ಹಿಡಿಯುತ್ತದೆ, ಉಪ್ಪು ದಾರಿ ಮಾಡುತ್ತದೆ. ಮಳೆಗಾಲ ಮುಗಿದು ಜಲಪಾತ ಸಣ್ಣ ಎಳೆಯಾಗಿ, ಧುಪದಾಳದ ಹಿನ್ನೀರು ಇಳಿದು ಕೊಕ್ಕರೆಗಳು ಹೊರಟುಹೋಗುವ ಹೊತ್ತಿಗೆ ಗುಂಡಿಯೂ ಒಣಗುತ್ತದೆ. ಹಳೆಯ ಎಲೆಕ್ಟ್ರೀಷಿಯನ್ನರು ಬೇಸಿಗೆಯಲ್ಲಿ ಆಗಾಗ ಹೋಗಿ ಆ ಆಲಿಕೆಗೆ ಎರಡು ಕೊಡ ನೀರು ಹಾಕಿ ಬರುತ್ತಾರೆ.